ಸಣ್ಣ ಉದ್ಯಮದ ಮ್ಯಾನೇಜರ್‌ಗಳಿಗೂ ಪ್ರಾಜೆಕ್ಟ್ ನಡೆಸುವ ವಿದ್ಯೆ ಕಲಿಸಿ

ಸಂಪಾದಕರಿಗೆ ನಮಸ್ಕಾರ.

ಪಿಯುಸಿ, ಡಿಗ್ರಿ ಫಲಿತಾಂಶ ಬಂತೆಂದರೆ ಪತ್ರಿಕೆಗಳಲ್ಲಿ ಮುಂದೇನು ಓದಬೇಕು ಎನ್ನುವ ಲೇಖನಗಳು ಸಾಲಾಗಿ ಬರುತ್ತವೆ. ನನ್ನ ತಂಗಿಯ ಮಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾನೆ. ಅವನಿಗೋಸ್ಕರ ನಾನೂ ಒಂದನ್ನೂ ಬಿಡದೆ ಓದುತ್ತೇನೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂಬ ವಿಷಯ ಬಂದಾಗಲೆಲ್ಲ ಅಲ್ಲಿ ಸಾಫ್ಟ್‌ವೇರ್ ಕಂಪನಿಯವರ ಮಾತಿರುತ್ತದೆ. ಇಲ್ಲದಿದ್ದರೆ ಸೇತುವೆ, ಕಟ್ಟಡ ಕಟ್ಟುವ ಎಂಜಿನಿಯರ್‌ಗಳ ಮಾತಿರುತ್ತದೆ. ಉಡುಪಿ, ಮಂಗಳೂರಿನ ಸಣ್ಣ ಉದ್ಯಮಗಳಲ್ಲಿ ಲೆಕ್ಕದಿಂದ ಹಿಡಿದು ಲೈಸೆನ್ಸ್ ತನಕ ಎಲ್ಲವನ್ನೂ ನೋಡಿಕೊಳ್ಳುವವರ ಸುದ್ದಿಯೇ ಇರುವುದಿಲ್ಲ. ಈ ವಿದ್ಯೆ ಎಲ್ಲರಿಗಿಂತ ಜಾಸ್ತಿ ಬೇಕಾಗಿರುವುದು ಅವರಿಗೇ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ.

ನಾನು ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಮ್ಯಾನೇಜರ್. ಬಿ.ಕಾಂ. ಮುಗಿಸಿ ಲೆಕ್ಕ ಬರೆಯಲು ಸೇರಿದವಳು. ಈಗ ಸಂಬಳ, ಪಿಎಫ್, ಜಿಎಸ್‌ಟಿ, ಕರೆಂಟ್ ಬಿಲ್ಲು, ಜನರೇಟರಿನ ಡೀಸೆಲ್, ಬೋಟಿನವರ ಸಾಲದ ಪುಸ್ತಕ, ಲೈಸೆನ್ಸ್ ನವೀಕರಣ ಎಲ್ಲವೂ ನನ್ನ ಮೇಜಿಗೇ ಬರುತ್ತದೆ. ಬೈಕಂಪಾಡಿಯ ಕಾರ್ಖಾನೆಗಳಲ್ಲಿ, ಕಾರ್ಕಳದ ಗೇರುಬೀಜದ ಫ್ಯಾಕ್ಟರಿಗಳಲ್ಲಿ, ಮಣಿಪಾಲದ ಪ್ರೆಸ್‌ಗಳಲ್ಲಿ ಇಂಥವರು ಒಬ್ಬೊಬ್ಬರು ಇದ್ದೇ ಇರುತ್ತಾರೆ. ಯಾವ ಒಂದು ವಿಷಯದಲ್ಲೂ ಅವರಿಗೆ ಪರಿಣತರು ಎಂಬ ಹೆಸರಿಲ್ಲ. ಆದರೆ ಅವರು ಒಂದು ವಾರ ರಜೆ ಹಾಕಿದರೆ ಆಫೀಸು ತಡವರಿಸುತ್ತದೆ.

ಇಂಥವರಿಗೆ ದಿನದ ಕೆಲಸ ಚೆನ್ನಾಗಿ ಬರುತ್ತದೆ. ಸಂಬಳ ತಿಂಗಳಿಗೊಮ್ಮೆ ಬರುತ್ತದೆ, ರಿಟರ್ನ್ ತಿಂಗಳಿಗೊಮ್ಮೆ ಬರುತ್ತದೆ, ಮಾಡಿ ಮಾಡಿ ಕೈಗೆ ರೂಢಿಯಾಗಿರುತ್ತದೆ. ಕಷ್ಟ ಬರುವುದು ಬೇರೆ ಥರದ ಕೆಲಸ ಮೈಮೇಲೆ ಬಿದ್ದಾಗ. ಗೋದಾಮು ಬೇರೆ ಕಡೆಗೆ ಸಾಗಿಸಬೇಕು. ಹೊಸ ಯಂತ್ರ ಕೂರಿಸಬೇಕು. ಹಳೆಯ ಲೆಕ್ಕವನ್ನೆಲ್ಲ ಹೊಸ ಸಾಫ್ಟ್‌ವೇರಿಗೆ ಹಾಕಬೇಕು. ಇವಕ್ಕೆ ಒಂದು ಆರಂಭ, ಒಂದು ಕೊನೆ ಇರುತ್ತದೆ. ಹತ್ತಾರು ಜನ ಸೇರಿ ಮಾಡಬೇಕಾಗುತ್ತದೆ, ಅವರಲ್ಲಿ ಅರ್ಧ ಜನ ನಮ್ಮ ಸಂಬಳದವರೂ ಅಲ್ಲ. ಇದನ್ನು ನಡೆಸುವುದಕ್ಕೆ ಒಂದು ಕ್ರಮ ಇದೆ, ಅದನ್ನು ಕಲಿಯಬಹುದು, ಕಲಿಸಬಹುದು. ನಮ್ಮ ಕಡೆ ಯಾರೂ ಕಲಿಸುತ್ತಿಲ್ಲ.

ನಮ್ಮ ಪ್ಲಾಂಟಿನ ಕೆಲಸವನ್ನೇ ವಿವರವಾಗಿ ಹೇಳುತ್ತೇನೆ. ನನಗೆ ಗೊತ್ತಿರುವುದು ಅದು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಒಟ್ಟು 61 ದಿನ. ಮಳೆಗಾಲದಲ್ಲಿ ನಾಡದೋಣಿಯವರು ಮಾತ್ರ ಹೋಗುತ್ತಾರೆ, ಅವರಿಗೆ ಬೇಕಾಗುವ ಐಸ್ ಸ್ವಲ್ಪ. ಹಾಗಾಗಿ ಐಸ್ ಪ್ಲಾಂಟಿನ ದೊಡ್ಡ ರಿಪೇರಿ ಎಲ್ಲ ಈ ಎರಡು ತಿಂಗಳಲ್ಲಿಯೇ ಆಗಬೇಕು. ಆಗಸ್ಟ್ ಬಂದ ಮೇಲೆ ಕಡಲು ಶಾಂತವಾಗುವುದನ್ನು ಕಾದು, ಸಮುದ್ರ ಪೂಜೆ ಮುಗಿಸಿ ಹೊರಡುವ ಬೋಟುಗಳೂ ಇವೆ. ಆದರೂ ನಾವು ಆಗಸ್ಟ್ 1ನ್ನೇ ಲೆಕ್ಕಕ್ಕೆ ಹಿಡಿಯಬೇಕು. ಆಳಸಮುದ್ರದ ಬೋಟು ಒಮ್ಮೆ ಹೋದರೆ ಹತ್ತು ದಿನದ ಆಸುಪಾಸು ಕಡಲಲ್ಲೇ ಇರುತ್ತದೆ. ಹೊರಡುವಾಗಲೇ ಐಸ್ ತುಂಬಿಸಬೇಕು. ನಮ್ಮಲ್ಲಿ ಇಲ್ಲದಿದ್ದರೆ ಅವರು ಪಕ್ಕದ ಪ್ಲಾಂಟಿಗೆ ಹೋಗುತ್ತಾರೆ. ಆ ವರ್ಷ ಪೂರ್ತಿ ಅಲ್ಲಿಗೇ ಹೋಗುತ್ತಾರೆ.

ಪ್ಲಾಂಟಿನ ಒಳಗೆ ನೋಡದವರಿಗೆ ಎರಡು ಮಾತು. ದೊಡ್ಡ ಟ್ಯಾಂಕಿನಲ್ಲಿ ಉಪ್ಪುನೀರು ಇರುತ್ತದೆ. ಅದರೊಳಗೆ ಅಮೋನಿಯಾ ಹರಿಯುವ ಕಬ್ಬಿಣದ ಕಾಯಿಲ್, ಅಂದರೆ ಪೈಪಿನ ಸುರುಳಿ ಇರುತ್ತದೆ. ಉಪ್ಪು ಇರುವುದರಿಂದ ನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೂ ಹೆಪ್ಪುಗಟ್ಟುವುದಿಲ್ಲ. ಸಿಹಿನೀರು ತುಂಬಿದ ಕ್ಯಾನುಗಳನ್ನು ಅದರಲ್ಲಿ ಇಳಿಸಿದರೆ ಕ್ಯಾನಿನೊಳಗಿನ ನೀರು ಐಸ್ ಆಗುತ್ತದೆ. ಅದೇ ಉಪ್ಪು ವರ್ಷವಿಡೀ ಕಬ್ಬಿಣವನ್ನು ತಿನ್ನುತ್ತದೆ. ಕಾಯಿಲ್, ಕ್ಯಾನ್, ಟ್ಯಾಂಕಿನ ಅಂಚು ಎಲ್ಲ ತುಕ್ಕು. ಅಮೋನಿಯಾವನ್ನು ಒತ್ತಿ ತಳ್ಳುವ ಕಂಪ್ರೆಸರ್ ಬಿಚ್ಚಿ ನೋಡುವುದು ಬೇರೆ ಇದೆ.

ಫಿಟ್ಟರ್, ವೆಲ್ಡರ್, ಇಲೆಕ್ಟ್ರಿಷಿಯನ್, ಗಾರೆ ಮೇಸ್ತ್ರಿ, ಪೈಂಟರ್ ಇವರಲ್ಲಿ ಒಬ್ಬೊಬ್ಬರ ಹತ್ತಿರವೂ ಕೇಳಿ ನೋಡಿ, ಕೆಲಸ ಯಾವಾಗ ಮುಗಿಯಿತು ಎಂದು ಲೆಕ್ಕ ಅಂತ. ಕಂಪ್ರೆಸರ್ ಶಬ್ದ ಮಾಡದೆ ತಿರುಗಿದರೆ ಫಿಟ್ಟರಿಗೆ ಮುಗಿಯಿತು. ಕಾಯಿಲ್ ಸೋರದಿದ್ದರೆ ವೆಲ್ಡರಿಗೆ ಮುಗಿಯಿತು. ನಮ್ಮ ಧಣಿಗಳಿಗೆ ಕೊನೆಯ ಬಿಲ್ಲು ಕೊಟ್ಟಾಗ ಮುಗಿಯಿತು. ಪ್ಲಾಂಟಿಗೆ ಯಾವಾಗ ಮುಗಿಯಿತು? ಅದನ್ನು ಮೊದಲೇ ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ನಮ್ಮ ಗೋಡೆಯ ಮೇಲೆ ಹೀಗಿದೆ: ಜುಲೈ 31ರ ರಾತ್ರಿ ಸ್ಟೋರ್ ರೂಮಿನಲ್ಲಿ ಐಸ್ ತುಂಬಿರಬೇಕು, ಅದಕ್ಕೆ ಮೊದಲು ಪ್ಲಾಂಟ್ ಮೂರು ದಿನ ನಿಲ್ಲದೆ ಓಡಿರಬೇಕು, ಪರೀಕ್ಷೆಯ ಕಾಗದಗಳೆಲ್ಲ ಫೈಲಿನಲ್ಲಿ ಇರಬೇಕು. ಈ ವಿದ್ಯೆಯ ಮೊದಲ ಪಾಠ ಇದು. ಗೆರೆ ಎಳೆದು ವೇಳಾಪಟ್ಟಿ ಮಾಡುವುದು ಆಮೇಲೆ.

ಕೊನೆ ಹೀಗೆ ಗಟ್ಟಿಯಾದ ಮೇಲೆ ಹಿಂದಕ್ಕೆ ಹಿಂದಕ್ಕೆ ನಡೆಯಬೇಕು. ಕೊನೆಯ ದಿನ ಸ್ಟೋರ್ ತುಂಬಿರಬೇಕಾದರೆ ಒಂದು ವಾರ ಮೊದಲೇ ಟ್ಯಾಂಕ್ ತಣ್ಣಗಾಗಿರಬೇಕು. ಅದು ತಣ್ಣಗಾಗಬೇಕಾದರೆ ಅಮೋನಿಯಾ ಒಳಗೆ ಹೋಗಿರಬೇಕು. ಅಮೋನಿಯಾ ಹಾಕುವ ಮೊದಲು ಕಾಯಿಲ್‌ಗೆ ಒತ್ತಡ ಕೊಟ್ಟು ಸೋರಿಕೆ ನೋಡಿರಬೇಕು. ಅದಕ್ಕೆ ಮೊದಲು ವೆಲ್ಡಿಂಗ್ ಮುಗಿದಿರಬೇಕು, ವೆಲ್ಡಿಂಗಿಗೆ ಮೊದಲು ತುಕ್ಕು ಕೆರೆದು ಯಾವ ಪೈಪು ಹೋಗಿದೆ ಎಂದು ನೋಡಿರಬೇಕು. ಅದಕ್ಕೂ ಮೊದಲು ಉಪ್ಪುನೀರು ಖಾಲಿಯಾಗಿರಬೇಕು. ಹೀಗೆ ಹಿಂದೆ ಬಂದರೆ ಪೈಪಿನ ಆರ್ಡರ್ ಮೇ ತಿಂಗಳಲ್ಲೇ ಹೋಗಬೇಕು ಎಂದು ತಿಳಿಯುತ್ತದೆ. ಮೇ ತಿಂಗಳೆಂದರೆ ಪ್ಲಾಂಟ್ ಹಗಲು ರಾತ್ರಿ ಓಡುವ ಸಮಯ. ರಿಪೇರಿಯ ಯೋಚನೆ ಯಾರ ತಲೆಯಲ್ಲೂ ಇರುವುದಿಲ್ಲ. ಕಾಗದದ ಮೇಲೆ ಹಿಂದಕ್ಕೆ ನಡೆದವರಿಗೆ ಮಾತ್ರ ಇದು ಕಾಣಿಸುತ್ತದೆ.

ಇನ್ನೊಂದು ವಿಷಯವೂ ಆ ಕಾಗದದಲ್ಲೇ ಕಾಣಿಸುತ್ತದೆ. ಮೇಲೆ ಹೇಳಿದ ಕೆಲಸಗಳು ಒಂದರ ಹಿಂದೆ ಒಂದು. ಒಂದನ್ನೂ ಹಾರುವಂತಿಲ್ಲ. ಆದರೆ ಕ್ಯಾನುಗಳ ತೇಪೆ, ಮಾಡಿನ ಶೀಟು, ಪ್ಯಾನಲ್ ಬೋರ್ಡು, ನೆಲದ ಗಾರೆ ಇವೆಲ್ಲ ಪಕ್ಕದಲ್ಲಿ ಅವುಗಳ ಪಾಡಿಗೆ ನಡೆಯಬಹುದು. ಕಾಯಿಲ್ ಕೆಲಸಕ್ಕೆ 20 ದಿನ ಹಿಡಿದು, ಅದೇ ಸಮಯದಲ್ಲಿ ಕ್ಯಾನಿನ ತೇಪೆಗೆ 12 ದಿನ ಸಾಕು ಅಂದುಕೊಳ್ಳಿ. ಕ್ಯಾನಿನವನು ಎಂಟು ದಿನ ತಡ ಮಾಡಿದರೂ ಐಸಿಗೆ ತೊಂದರೆ ಇಲ್ಲ. ಕಾಯಿಲ್ ಒಂದು ದಿನ ತಡವಾದರೆ ಐಸೂ ಒಂದು ದಿನ ತಡ. ಈ ಉದ್ದದ ಸಾಲಿಗೆ ಕ್ರಿಟಿಕಲ್ ಪಾತ್ ಅನ್ನುತ್ತಾರೆ. ಇದು ಗೊತ್ತಿಲ್ಲದ ಕಡೆ ಬೈಗುಳವೆಲ್ಲ ಕಣ್ಣಿಗೆ ಕಾಣುವವನಿಗೆ ಬೀಳುತ್ತದೆ. ಬಾಗಿಲಲ್ಲಿ ಮರಳು ರಾಶಿ ಹಾಕಿದ ಮೇಸ್ತ್ರಿಗೆ ಎಲ್ಲರೂ ಅವಸರ ಮಾಡುತ್ತಾರೆ. ಟ್ಯಾಂಕಿನೊಳಗೆ ಇಳಿದು ತುಕ್ಕು ಕೆರೆಯುತ್ತಿರುವ ಇಬ್ಬರನ್ನು ಯಾರೂ ಕೇಳುವುದಿಲ್ಲ. ಇನ್ನಿಬ್ಬರು ಬೇಕಾಗಿದ್ದದ್ದು ಅಲ್ಲಿಗೆ.

ಈ ಲೆಕ್ಕ ಹುಟ್ಟಿದ್ದೇ ಇಂಥ ರಿಪೇರಿ ಕೆಲಸಗಳ ನಡುವೆ ಎಂದು ಓದಿದಾಗ ನನಗೆ ಆದ ಖುಷಿ ಹೇಳತೀರದು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡ್ಯೂಪಾಂಟ್ ರಾಸಾಯನಿಕ ಕಂಪನಿಯಲ್ಲಿ ಮೋರ್ಗನ್ ವಾಕರ್, ರೆಮಿಂಗ್ಟನ್ ರಾಂಡ್ ಕಂಪನಿಯ ಜೇಮ್ಸ್ ಕೆಲಿ ಸೇರಿ ಇದನ್ನು ರೂಪಿಸಿದರು. ಲೂಯಿವಿಲ್ ಎಂಬಲ್ಲಿನ ಕಾರ್ಖಾನೆಯನ್ನು ರಿಪೇರಿಗೆಂದು ನಿಲ್ಲಿಸಿದಾಗ ಹಿಡಿಯುತ್ತಿದ್ದ ಸಮಯ ಇದರಿಂದ 125 ಗಂಟೆಯಿಂದ 93 ಗಂಟೆಗೆ ಇಳಿಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದ ನೌಕಾಪಡೆ ಪೋಲಾರಿಸ್ ಕ್ಷಿಪಣಿಗಾಗಿ ಪರ್ಟ್ ಎಂಬ ಇನ್ನೊಂದು ಲೆಕ್ಕ ಮಾಡಿತು. ಕ್ಷಿಪಣಿಯ ಹೆಸರು ಕೇಳಿ ಹೆದರಬೇಡಿ. ಆ ಲೆಕ್ಕವನ್ನೇ ನಾವು ಕಂಪ್ರೆಸರ್ ರಿಪೇರಿಗೆ ಹಾಕುತ್ತೇವೆ.

ಫಿಟ್ಟರ್ ಹತ್ತಿರ ‘ಎಷ್ಟು ದಿನ ಬೇಕು?’ ಎಂದು ಕೇಳಿದರೆ ಒಂದು ಸಂಖ್ಯೆ ಹೇಳುತ್ತಾರೆ. ನಮ್ಮ ಮುಖ ನೋಡಿ ಹೇಳುತ್ತಾರೆ. ಅದರ ಬದಲು ಮೂರು ಕೇಳಬೇಕು. ಎಲ್ಲ ಸರಿಯಾಗಿ ಸಿಕ್ಕಿದರೆ ಎಷ್ಟು? ಸಾಮಾನ್ಯವಾಗಿ ಎಷ್ಟು? ಎಲ್ಲ ಕೆಟ್ಟರೆ ಎಷ್ಟು? 6, 9, 24 ಅಂದರು ಅನ್ನಿ. ಮಧ್ಯದ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿದರೆ 11 ದಿನ ಬರುತ್ತದೆ. ಪಟ್ಟಿಯಲ್ಲಿ 11 ಬರೆಯಬೇಕು. ಆದರೆ ನನಗೆ ಆ 11ಕ್ಕಿಂತ ಮುಖ್ಯವಾದದ್ದು 24. ‘24 ಯಾಕೆ?’ ಎಂದು ಕೇಳಿದ ತಕ್ಷಣ ಮನುಷ್ಯ ಮನಸ್ಸು ಬಿಚ್ಚುತ್ತಾನೆ. ‘ಬೇರಿಂಗ್ ಊರಲ್ಲಿ ಸಿಗುವುದಿಲ್ಲ ಅಕ್ಕಾ, ಹೊರಗಿಂದ ಬರಬೇಕು. ಅದು ಬಾರದಿದ್ದರೆ ನಾನು ಇಲ್ಲಿ ಇದ್ದೂ ಪ್ರಯೋಜನ ಇಲ್ಲ.’ ಈ ಮಾತು ಸಿಕ್ಕಿದರೆ ಅರ್ಧ ಕೆಲಸ ಆದಂತೆ. ಬೇರಿಂಗ್ ಮೊದಲೇ ತರಿಸಬಹುದು. ಪಾರ್ಸೆಲ್ ಬಂದ ದಿನವೇ ಬಿಚ್ಚಿ ಅಳತೆ ನೋಡುವುದು ಎಂದು ಪಟ್ಟಿಯಲ್ಲಿ ಬರೆಯಬಹುದು. ಒಂದು ವರ್ಷ ಅಂಗಡಿಯವರು ಬೇರೆ ಅಳತೆಯದ್ದನ್ನೇ ಕಳಿಸಿದ್ದರು. ಮೇ ತಿಂಗಳಲ್ಲೇ ಬಿಚ್ಚಿ ನೋಡಿದ್ದರಿಂದ ಬದಲಾಯಿಸಲು ಬೇಕಾದಷ್ಟು ಸಮಯ ಇತ್ತು.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಯಂತ್ರ ಬಿಚ್ಚಲು ಬಾರದವರು ಯಂತ್ರದ ಕೆಲಸ ಹೇಗೆ ನಡೆಸುವುದು? ನಮ್ಮ ಸಂಬಂಧಿಕರೇ ನನ್ನನ್ನು ಕೇಳಿದ್ದಾರೆ. ನಾನು ನೋಡಿದ ಮಟ್ಟಿಗೆ, ಎಲ್ಲ ಕಡೆ ಸ್ವಲ್ಪ ಸ್ವಲ್ಪ ಗೊತ್ತಿರುವವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಫಿಟ್ಟರಿಗೆ ತನ್ನ ಕೆಲಸ ಗೊತ್ತು, ವೆಲ್ಡರಿಗೆ ತನ್ನದು ಗೊತ್ತು. ಇಬ್ಬರ ನಡುವಿನ ಜಾಗ ಯಾರದ್ದೂ ಅಲ್ಲ. ತಡ ಆಗುವುದು ಹೆಚ್ಚಾಗಿ ಅಲ್ಲೇ. ವೆಲ್ಡರ್ ಬಂದು ಕೂತಿದ್ದಾನೆ, ತುಕ್ಕು ಕೆರೆದು ಮುಗಿದಿಲ್ಲ. ಕೆರೆದು ಮುಗಿದಿದೆ, ವೆಲ್ಡರ್ ಗಂಗೊಳ್ಳಿಯಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದಾನೆ. ಎಲ್ಲರ ಹತ್ತಿರವೂ ಮಾತಾಡುವ ಒಬ್ಬರು ಆ ಜಾಗ ನೋಡಿಕೊಳ್ಳಬೇಕು. ಅವರಿಗೆ ವೆಲ್ಡಿಂಗ್ ಬರಬೇಕೆಂದಿಲ್ಲ. ‘ನೀವು ಶುರು ಮಾಡಬೇಕಾದರೆ ನಿಮ್ಮ ಕೈಗೆ ಏನು ಬರಬೇಕು?’ ಎಂದು ಒಬ್ಬರನ್ನೂ ಬಿಡದೆ ಕೇಳಲು ಬರಬೇಕು. ‘ನಿಮ್ಮದು ಮುಗಿಯುವುದನ್ನು ಯಾರು ಕಾಯುತ್ತಿದ್ದಾರೆ?’ ಎಂದು ಕೇಳಲು ಬರಬೇಕು. ಬೆಳಿಗ್ಗೆ ಹತ್ತು ನಿಮಿಷ ಎಲ್ಲರೂ ನಿಂತುಕೊಂಡೇ ಮಾತಾಡಿ, ನಿನ್ನೆ ಏನಾಯಿತು, ಇಂದು ಏನು, ಅಡ್ಡ ಏನಿದೆ ಎಂದು ಹೇಳಿಸಬೇಕು. ಸಾಫ್ಟ್‌ವೇರಿನವರು ಸ್ಕ್ರಮ್ ಎಂಬ ಪದ್ಧತಿಯಲ್ಲಿ ದಿನಾ ಹೀಗೆ ಸೇರುತ್ತಾರೆ. ನಮ್ಮಲ್ಲಿ ಚಹಾ ಕುಡಿಯುತ್ತಾ ಆಗುತ್ತದೆ.

ಲೆಕ್ಕ ಗೊತ್ತಿರುವುದೂ ಇಲ್ಲಿ ದೊಡ್ಡ ಬಲ. ದುಡ್ಡನ್ನು ಕೆಲಸದ ಹಂತಕ್ಕೆ ಕಟ್ಟಬಹುದು. ಶುರುವಿಗೆ ಒಂದು ಕಂತು, ಸೋರಿಕೆ ಪರೀಕ್ಷೆ ಸರಿಯಾದಾಗ ಒಂದು, ಪ್ಲಾಂಟ್ ಓಡಿದ ಮೇಲೆ ಉಳಿದದ್ದು. ಹಾಗೆ ಮಾತಾಡಿಕೊಂಡರೆ ಎರಡೂ ಕಡೆಯವರಿಗೆ ಒಳ್ಳೆಯದು. ಹಂತ ಮುಗಿದ ದಿನವೇ ನಾವು ಕೊಡಬೇಕು, ಅದರಲ್ಲಿ ನಾಳೆ ನಾಡಿದ್ದು ಅನ್ನಬಾರದು. ಕಾರ್ಮಿಕರ ವಿಶ್ವಾಸ ಇರುವುದು ಅಲ್ಲೇ.

ಧಣಿಗಳ ವಿಷಯ ಸ್ವಲ್ಪ ನಾಜೂಕು. ಕೆಲಸ ಅರ್ಧ ಆದಾಗ ಅವರಿಗೆ ಹೊಸ ಯೋಚನೆ ಬರುತ್ತದೆ. ಹೇಗೂ ಎಲ್ಲ ಬಿಚ್ಚಿದೆ, ಐಸ್ ಪುಡಿ ಮಾಡುವ ಯಂತ್ರವನ್ನೂ ಆಚೆ ಬದಿಗೆ ಹಾಕಿಬಿಡೋಣ ಅಲ್ವಾ? ಯೋಚನೆ ಒಳ್ಳೆಯದೇ. ಬೇಡ ಎಂದು ಅವರ ಮುಖಕ್ಕೆ ಹೇಳಲು ನಮ್ಮ ಹತ್ತಿರ ಅಧಿಕಾರ ಇಲ್ಲ, ಹೇಳುವ ಅಗತ್ಯವೂ ಇಲ್ಲ. ಒಂದು ಹಾಳೆಯಲ್ಲಿ ಬರೆದು ಕೊಡಬೇಕು: ಇದಕ್ಕೆ ಎಷ್ಟು ದಿನ, ಎಷ್ಟು ದುಡ್ಡು, ಇದರಿಂದ ಯಾವ ಕೆಲಸ ಹಿಂದೆ ಬೀಳುತ್ತದೆ, ಐಸ್ ಯಾವ ದಿನ ಬರುತ್ತದೆ. ನಮ್ಮ ಧಣಿಗಳು ಅದನ್ನು ಓದಿ, ‘ಹಾಗಾದರೆ ದೀಪಾವಳಿ ಕಳೆದು ನೋಡುವ’ ಎಂದು ತಾವೇ ಹೇಳಿದರು. ಸುಮ್ನೆ ವಾದ ಮಾಡಿದ್ದರೆ ಇಬ್ಬರಿಗೂ ಬೇಸರ ಆಗುತ್ತಿತ್ತು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಅಮೋನಿಯಾ ತಮಾಷೆಯ ವಸ್ತು ಅಲ್ಲ. ಕಣ್ಣು, ಶ್ವಾಸಕೋಶ ಸುಡುತ್ತದೆ. ಯಾವ ಪೈಪನ್ನಾದರೂ ಬಿಚ್ಚುವ ಮೊದಲು ಅನಿಲವನ್ನೆಲ್ಲ ರಿಸೀವರಿಗೆ, ಅಂದರೆ ಅಮೋನಿಯಾ ತುಂಬಿಡುವ ಟ್ಯಾಂಕಿಗೆ ಎಳೆದು ವಾಲ್ವ್ ಮುಚ್ಚಿರಬೇಕು. ಒಳಗೆ ಏನೂ ಉಳಿದಿಲ್ಲ ಎಂದು ಖಾತ್ರಿಯಾಗದೆ ವೆಲ್ಡಿಂಗ್ ಮಾಡುವಂತಿಲ್ಲ. ದಿನ ಉಳಿಸಲೆಂದು ಈ ಸಾಲಿನಲ್ಲಿ ಒಂದು ಹೆಜ್ಜೆ ತಪ್ಪಿಸಲು ಯಾರು ಹೇಳಿದರೂ ಒಪ್ಪಬಾರದು, ಧಣಿಗಳೇ ಆಗಲಿ, ಮ್ಯಾನೇಜರೇ ಆಗಲಿ. ಪ್ರಾಜೆಕ್ಟ್ ಪಾಠ ಹೇಳುವವರು ಸಮಯ, ಖರ್ಚು, ಗುಣಮಟ್ಟ ಎಂದು ಮೂರು ಹೇಳುತ್ತಾರೆ. ನಮ್ಮಂಥ ಜಾಗದಲ್ಲಿ ಮೊದಲಿಗೆ ಜೀವ ಎಂದು ಬರೆದು ಆಮೇಲೆ ಆ ಮೂರನ್ನು ಬರೆಯಬೇಕು.

ಇದೆಲ್ಲ ಹೊರಗಿನಿಂದ ಬಂದ ವಿದ್ಯೆ, ನಮ್ಮ ಊರಿಗೆ ಒಗ್ಗುವುದಿಲ್ಲ ಎನ್ನುವವರಿದ್ದಾರೆ. ಅವರು ಉಡುಪಿಯ ಪರ್ಯಾಯವನ್ನು ನೋಡಿಲ್ಲವೇ? ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಕೃಷ್ಣ ಮಠದ ಪೂಜೆಯ ಅಧಿಕಾರ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಆ ದಿನ ಒಂದು ದಿನವೂ ಹಿಂದೆ ಮುಂದೆ ಆಗುವುದಿಲ್ಲ. ಅದಕ್ಕೆ ಸುಮಾರು ಒಂದು ವರ್ಷ ಮೊದಲು ಬಾಳೆ ಮುಹೂರ್ತ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತ ಮುಹೂರ್ತ. ಬಾಳೆ ಮೊದಲು ಯಾಕೆ? ಸಾವಿರಾರು ಜನರ ಊಟಕ್ಕೆ ಎಲೆ ಬೇಕು, ಹಣ್ಣು ಬೇಕು, ಬಾಳೆ ಬೆಳೆಯಲು ಹಿಡಿಯುವ ಸಮಯವನ್ನು ಯಾರೂ ಕಡಿಮೆ ಮಾಡಲಾರರು. ಅತಿ ಉದ್ದದ ಸಮಯ ಬೇಡುವುದನ್ನು ಎಲ್ಲಕ್ಕಿಂತ ಮೊದಲು ಶುರು ಮಾಡಿದ್ದಾರೆ. ಕಟ್ಟಿಗೆ ಒಣಗಬೇಕು, ಮಳೆಗೆ ನೆನೆಯಬಾರದು, ಆದ್ದರಿಂದ ಅದನ್ನು ರಥದ ಆಕಾರದಲ್ಲಿ ಅಚ್ಚುಕಟ್ಟಾಗಿ ಪೇರಿಸಿ ಇಡುತ್ತಾರೆ. ಮುಹೂರ್ತ ಧಾರ್ಮಿಕ ವಿಧಿ, ಅದರ ಮಹತ್ವ ಬೇರೆಯೇ ಇದೆ. ಅದರ ಜೊತೆಗೇ ಒಂದು ಕೆಲಸ ಶುರುವಾಯಿತು ಎಂದು ಊರಿಗೆಲ್ಲ ಗೊತ್ತಾಗುತ್ತದೆ, ಯಾರ ಜವಾಬ್ದಾರಿ ಎಂದೂ ಗೊತ್ತಾಗುತ್ತದೆ. ನಮ್ಮ ಮಕ್ಕಳಿಗೆ ಕ್ರಿಟಿಕಲ್ ಪಾತ್ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪುಸ್ತಕದಲ್ಲಿದೆ ಹೇಳಿ.

ಕೊಂಕಣ ರೈಲನ್ನೂ ತೆಗೆದುಕೊಳ್ಳಬಹುದು. 1990ರಲ್ಲಿ ನಿಗಮ ಆಯಿತು, ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ಮಂಗಳೂರಿನಿಂದ ಮಹಾರಾಷ್ಟ್ರದ ರೋಹಾವರೆಗಿನ ಸುಮಾರು 740 ಕಿಲೋಮೀಟರ್ ದಾರಿಯನ್ನು ಏಳು ಭಾಗ ಮಾಡಿ, ಒಂದೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರನ್ನು ಜವಾಬ್ದಾರಿ ಮಾಡಿದರು. ಆ ಏಳರಲ್ಲಿ ನಮ್ಮ ಉಡುಪಿಯೂ ಒಂದು. 1993ರಲ್ಲೇ ಉಡುಪಿಗೆ ರೈಲು ಬಂತು. ಗೋವಾದ ಮೆತ್ತನೆಯ ಮಣ್ಣಿನ ಸುರಂಗಗಳು ಕುಸಿದು ಕುಸಿದು ತಡವಾದವು. ಪೂರ್ತಿ ದಾರಿ ತೆರೆದದ್ದು 1998ರ ಜನವರಿ 26ರಂದು. ಏಳು ಭಾಗದಲ್ಲಿ ಯಾವುದು ಎಲ್ಲಕ್ಕಿಂತ ತಡವೋ ಪೂರ್ತಿ ದಾರಿಯ ದಿನವೂ ಅದೇ ಆಗುತ್ತದೆ. ನಮ್ಮ ಕಾಯಿಲ್ ಕಥೆಯೂ ಅದೇ. ಪಂಪ್‌ವೆಲ್ ಫ್ಲೈಓವರ್ 2020ರ ಜನವರಿಯ ಕೊನೆಗೆ ತೆರೆಯುವ ತನಕ ಮಂಗಳೂರಿನವರು ಸುಮಾರು ಹತ್ತು ವರ್ಷ ಕಾದರು. ಕಾಯುವಾಗ ಬೈಯುವುದು ಸಹಜ. ಯಾವ ಕೆಲಸ ಯಾವುದಕ್ಕೋಸ್ಕರ ನಿಂತಿದೆ, ಆ ಪಟ್ಟಿ ತೋರಿಸಿ ಎಂದು ಕೇಳಲು ತಿಳಿದ ಜನ ಊರಲ್ಲಿ ಜಾಸ್ತಿ ಇದ್ದಿದ್ದರೆ ಚೆನ್ನಾಗಿತ್ತು ಅನಿಸುತ್ತದೆ.

ಈಗ ಕೋರ್ಸುಗಳ ಮಾತು. ನಮ್ಮ ಹುಡುಗ ಹುಡುಗಿಯರಿಗೆ ಮೊದಲು ಕಾಣುವುದು ಪಿಎಂಪಿ ಎಂಬ ಸರ್ಟಿಫಿಕೇಟಿನ ಜಾಹೀರಾತು. ಅದನ್ನು ಕೊಡುವುದು 1969ರಲ್ಲಿ ಅಮೆರಿಕದಲ್ಲಿ ಆರಂಭವಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್. ಸರ್ಟಿಫಿಕೇಟಿಗೆ ಬೆಲೆ ಇದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಡಿಗ್ರಿ ಮುಗಿಸಿದವರೂ ಅದರ ಪರೀಕ್ಷೆಗೆ ಕೂರಬೇಕಾದರೆ 36 ತಿಂಗಳು ಪ್ರಾಜೆಕ್ಟ್ ನಡೆಸಿದ ಅನುಭವ ಬೇಕು, 35 ಗಂಟೆಯ ತರಬೇತಿ ಬೇಕು. ಕಾಲೇಜಿನಿಂದ ನೇರ ಹೋಗಿ ಬರೆಯುವಂಥದ್ದಲ್ಲ. ಹೊಸಬರಿಗೆ ಅದೇ ಸಂಸ್ಥೆಯ ಸಿಎಪಿಎಂ ಎಂಬ ಸರ್ಟಿಫಿಕೇಟ್ ಇದೆ. ಅದಕ್ಕೆ ಅನುಭವ ಬೇಡ, 23 ಗಂಟೆಯ ತರಬೇತಿ ಸಾಕು. ಸ್ವಯಂ, ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠದ ತಾಣಗಳಲ್ಲಿ ಐಐಟಿ ಪ್ರಾಧ್ಯಾಪಕರ ಪಾಠಗಳು ಉಚಿತವಾಗಿ ಸಿಗುತ್ತವೆ, ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಗೂಗಲ್‌ನವರೂ 2021ರಿಂದ ಆನ್‌ಲೈನ್ ಕೋರ್ಸ್ ನಡೆಸುತ್ತಿದ್ದಾರೆ. ನಾನು ರಾತ್ರಿ ಊಟ ಆದ ಮೇಲೆ ಕೂತು ಕಲಿತದ್ದು ಇಂಥ ಉಚಿತ ಪಾಠಗಳಿಂದ. ಬಹಳ ಒಳ್ಳೆಯ ಮೇಷ್ಟ್ರುಗಳು. ಅವರ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಉದಾಹರಣೆಗಳು ನಮ್ಮವಲ್ಲ, ಭಾಷೆಯೂ ನಮ್ಮದಲ್ಲ. ಕನ್ನಡದಲ್ಲೇ ಡಿಗ್ರಿ ಬರೆದು ಬಂದ ನನ್ನ ಜೊತೆಯ ಕ್ಯಾಷಿಯರ್ ಹುಡುಗಿ ಎರಡು ವಿಡಿಯೋ ನೋಡಿ ಬಿಟ್ಟಳು. ಗೋಡೆಯ ಮೇಲಿನ ನಮ್ಮ ಕ್ಯಾನು, ಕಾಯಿಲ್ ಪಟ್ಟಿ ತೋರಿಸಿ ಕನ್ನಡದಲ್ಲಿ ಹೇಳಿದಾಗ ಅದೇ ಪಾಠ ಅವಳಿಗೆ ಅರ್ಥವಾಯಿತು. ಈಗ ಕ್ಯಾನುಗಳ ಪೂರ್ತಿ ಕೆಲಸ ಅವಳೇ ನಡೆಸುತ್ತಾಳೆ.

ಆದ್ದರಿಂದ ಕಲಿಯುವವರಿಗೆ ನನ್ನ ಸಲಹೆ: ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ನಿಮ್ಮ ಆಫೀಸಿನಲ್ಲೇ ಕೊನೆಯ ದಿನ ಇರುವ ಒಂದು ಸಣ್ಣ ಕೆಲಸ ಕೇಳಿ ಪಡೆಯಿರಿ. ದಾಸ್ತಾನು ಎಣಿಕೆ ಆಗಬಹುದು, ಮೇಳದಲ್ಲಿ ಒಂದು ಸ್ಟಾಲ್ ಆಗಬಹುದು. ಮುಗಿಯುವುದೆಂದರೆ ಏನು ಎಂದು ಬರೆಯಿರಿ, ಹಿಂದಕ್ಕೆ ನಡೆಯಿರಿ, ಜನರನ್ನು ಕೂರಿಸಿ ಕೇಳಿ. ಆಮೇಲೆ ಪಾಠ ಕೇಳಿದರೆ ಒಂದೊಂದು ಮಾತೂ ಒಳಗೆ ಇಳಿಯುತ್ತದೆ. ಸಾಫ್ಟ್‌ವೇರ್ ಹುಡುಕಲು ಹೋಗಬೇಡಿ, ಎಕ್ಸೆಲ್ ಸಾಕು. ದೊಡ್ಡ ಡ್ರಾಯಿಂಗ್ ಹಾಳೆ ಇನ್ನೂ ಒಳ್ಳೆಯದು, ಬಂದವರೆಲ್ಲ ನಿಂತು ನೋಡುತ್ತಾರೆ.

ಇನ್ನು ನಮ್ಮ ಕಾಲೇಜುಗಳ, ಸಂಸ್ಥೆಗಳ ಹತ್ತಿರ ಒಂದು ಕೋರಿಕೆ. ಉಡುಪಿ, ಮಂಗಳೂರಿನ ಕಾಮರ್ಸ್ ಕಾಲೇಜುಗಳು ಕೆಲಸದಲ್ಲಿರುವವರಿಗೆ ಸಂಜೆ ಹೊತ್ತು ಒಂದು ತರಗತಿ ಶುರು ಮಾಡಬೇಕು. ಕನ್ನಡದಲ್ಲಿ ಪಾಠ ಇರಬೇಕು. ಮಧ್ಯೆ ಮಧ್ಯೆ ತುಳು, ಕೊಂಕಣಿ, ಬ್ಯಾರಿ ಬಂದರೂ ತೊಂದರೆ ಇಲ್ಲ. ಬ್ರಹ್ಮಾವರ, ಉಜಿರೆಯ ರುಡ್‌ಸೆಟ್ ಸಂಸ್ಥೆಗಳಿಗೆ ಸ್ವಂತ ಉದ್ಯೋಗ ಮಾಡುವವರಿಗೆ ಕನ್ನಡದಲ್ಲಿ ತರಬೇತಿ ಕೊಟ್ಟ ದೊಡ್ಡ ಅನುಭವ ಇದೆ. ಉಜಿರೆಯದು 1982ರಿಂದ ನಡೆಯುತ್ತಿದೆ. ಅವರು ಮನಸ್ಸು ಮಾಡಿದರೆ ಪಾಠದ ಪುಸ್ತಕ ಸಿದ್ಧಪಡಿಸುವುದು ಕಷ್ಟವಲ್ಲ. ಎರಡೂ ಜಿಲ್ಲೆಗಳ ಕೈಗಾರಿಕಾ ಕೇಂದ್ರಗಳು ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದ ಉದ್ಯಮಗಳಿಗೆ ಒಂದು ಪತ್ರ ಬರೆದು, ನಿಮ್ಮಲ್ಲಿ ಎಲ್ಲ ನೋಡಿಕೊಳ್ಳುವವರು ಯಾರು, ಅವರನ್ನು ಕಳಿಸಿ ಎಂದು ಕೇಳಲಿ. ಯಾರನ್ನು ಕಳಿಸಬೇಕು ಎಂದು ಮಾಲೀಕರಿಗೆ ಗೊತ್ತಿರುತ್ತದೆ. ಅವರಲ್ಲಿ ಹೆಣ್ಣುಮಕ್ಕಳು ಬಹಳ ಜನ ಇರುತ್ತಾರೆ, ಆದ್ದರಿಂದ ಕೊನೆಯ ಬಸ್ಸಿಗೆ ಮೊದಲು ತರಗತಿ ಬಿಡುವಂತೆ ಸಮಯ ಇಡಬೇಕು. ಪರೀಕ್ಷೆ ಬೇಡ. ಒಬ್ಬೊಬ್ಬರೂ ತಮ್ಮ ಜಾಗದ ಒಂದು ಕೆಲಸವನ್ನು ಆರಂಭದಿಂದ ಕೊನೆಯವರೆಗೆ ನಡೆಸಿ, ಅದರ ಪಟ್ಟಿ ತಂದು ಉಳಿದವರ ಮುಂದೆ ಹೇಳಲಿ.

ನಮ್ಮ ಪ್ಲಾಂಟಿನ ಹಳೆಯ ಪಟ್ಟಿಗಳು, ದಿನದ ಟಿಪ್ಪಣಿಗಳು, ಖರ್ಚಿನ ಹಾಳೆಗಳು ನನ್ನ ಹತ್ತಿರ ಜೋಪಾನವಾಗಿವೆ. ಪಾಠಕ್ಕೆ ಕೊಡಲು ಧಣಿಗಳು ಒಪ್ಪಿದ್ದಾರೆ. ಯಾವ ಕಾಲೇಜಿನವರಾದರೂ ಮುಂದೆ ಬಂದರೆ ಏಪ್ರಿಲ್ ಒಳಗೆ ತಿಳಿಸಲಿ. ಆಗ ಪೈಪಿನ ಆರ್ಡರ್ ಕಳಿಸುವ ಹೊತ್ತಿನಿಂದಲೇ ವಿದ್ಯಾರ್ಥಿಗಳು ಜೊತೆಗಿರಬಹುದು. ಟ್ಯಾಂಕ್ ಖಾಲಿ ಮಾಡಿ, ಅನಿಲವೆಲ್ಲ ರಿಸೀವರಿಗೆ ಹೋಗಿ, ಫಿಟ್ಟರ್ ಒಪ್ಪಿಗೆ ಕೊಟ್ಟ ಮೇಲೆ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ನನ್ನ ವಿಳಾಸ ನಿಮ್ಮ ಕಚೇರಿಗೆ ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಕೇಳಿದವರಿಗೆ ಕೊಡಿ.

ಇಂತಿ,
ಐಸ್ ಪ್ಲಾಂಟಿನ ಮ್ಯಾನೇಜರ್, ಮಲ್ಪೆ